ಬೆಳಕನ್ನು ಹಿಂದಿಕ್ಕಲು ಹೊರಟ ಹನ್ನೊಂದು ಹಾಳೆ

ಬೆಳಗ್ಗೆ ಅಡುಗೆಮನೆಯಲ್ಲಿ ಗೂಡು ಒರೆಸುವ ಕೆಲಸ ನಡೆದಿತ್ತು. ಅವಳು ಸ್ಟೂಲಿನ ಮೇಲೆ ನಿಂತು ಮೇಲಿನ ಗೂಡಿನ ಡಬ್ಬಿಗಳನ್ನು ಒಂದೊಂದಾಗಿ ಇಳಿಸಿಕೊಡುತ್ತಿದ್ದಳು, ಅತ್ತಿಗೆ ಕೆಳಗೆ ನಿಂತು ಒರೆಸುತ್ತಿದ್ದಳು. ಉಪ್ಪಿನ ಡಬ್ಬಿ, ಸಕ್ಕರೆ ಡಬ್ಬಿ, ಕೊನೆಗೆ ಎಣ್ಣೆ ಡಬ್ಬಿ. ಅದರ ಕೆಳಗೆ ಹಾಸಿದ್ದ ಹಾಳೆಗಳ ಕಟ್ಟಿನ ಮೇಲೆ ಕಣ್ಣು ಬಿದ್ದದ್ದೇ ತಡ, ಎಣ್ಣೆ ಡಬ್ಬಿಯನ್ನು ಕೂಸಿನಂತೆ ಎದೆಗವಚಿಕೊಂಡು ಹಾಗೇ ನಿಂತುಬಿಟ್ಟಳು.

'ಅಧ್ಯಾಯ ಆರು: ಹಾಗಾದರೆ, ಬೆಳಕಿಗಿಂತ ವೇಗವಾಗಿ ಹೋಗಬಹುದೇ?'

"ಏನೇ, ದೆವ್ವ ಕಂಡೋರ ಹಾಗೆ ನಿಂತ್ಬಿಟ್ಟೆ?" ಎಂದಳು ಅತ್ತಿಗೆ.

"ಅತ್ತಿಗೆ, ಈ ಹಾಳೆ ಎಲ್ಲಿ ಸಿಕ್ತು ನಿಮಗೆ?"

"ನಿನ್ನ ಚೀಲದಲ್ಲಿ. ಒಳ್ಳೆ ದಪ್ಪ ಕಾಗದ ಅಂತ ಹಾಸ್ದೆ. ಯಾಕೆ, ನಿಮ್ಮ ಅಂಗಡೀಲಿ ರದ್ದಿಗೂ ಅಷ್ಟು ಮರ್ಯಾದೆನಾ?"

ಅದು ರದ್ದಿಯಾಗಿರಲಿಲ್ಲ. ಒಬ್ಬ ಮನುಷ್ಯನ ಏಳು ವರ್ಷದ ಕೆಲಸದ ಕೊನೆಯ ಹನ್ನೊಂದು ಹಾಳೆ.

ಅವಳು ವಿಶ್ವವಿದ್ಯಾಲಯದ ಹತ್ತಿರದ ಬೈಂಡಿಂಗ್ ಅಂಗಡಿಯಲ್ಲಿ ಪುಸ್ತಕ ಹೊಲಿಯುವವಳು. ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು, ಹಾಗಾಗಿ ಅಂಗಡಿಯಲ್ಲಿ ಅವಳ ಹೆಸರು ಗಪ್‌ಚುಪ್. ಏಳನೇ ತರಗತಿಗೇ ಶಾಲೆ ಬಿಟ್ಟಿದ್ದಳು. ಆದರೆ ಹೊಲಿಯುವ ಪುಟವನ್ನೆಲ್ಲ ಕದ್ದು ಓದುವ ಚಟವಿತ್ತು. ಆ ಅಂಗಡಿ ಬಿಟ್ಟರೆ ಅವಳಿಗೆ ಬೇರೆ ಶಾಲೆಯಿರಲಿಲ್ಲ.

ಹದಿನೈದು ದಿನದ ಹಿಂದೆ ಒಬ್ಬ ಸಂಶೋಧಕ ತನ್ನ ಪ್ರಬಂಧ ತಂದುಕೊಟ್ಟಿದ್ದ. ಮೂರು ಪ್ರತಿ ಜೆರಾಕ್ಸ್ ತೆಗೆದು, ಮೂಲದ ಜೊತೆ ನಾಲ್ಕನ್ನೂ ಬೈಂಡ್ ಮಾಡಬೇಕಿತ್ತು. ಲೆಕ್ಕಗಳನ್ನು ದಾಟಿ ಮಾತುಗಳನ್ನಷ್ಟೇ ಓದಿದರೂ ಅವಳಿಗೆ ತಿಳಿಯುವಂತಿತ್ತು. ಯಾವ ವಾಹನವೂ ಬೆಳಕನ್ನು ಹಿಂದೆ ಹಾಕಲಾರದು, ವೇಗ ಏರಿದಂತೆಲ್ಲ ಅದನ್ನು ನೂಕುವುದು ಕಷ್ಟವಾಗುತ್ತ ಹೋಗುತ್ತದೆ. ಆದರೆ ಐದನೆಯ ಅಧ್ಯಾಯದಲ್ಲಿ ಒಂದು ಉಪಾಯವಿತ್ತು. ವಾಹನ ಓಡುವುದೇ ಬೇಡ. ಅದರ ಸುತ್ತ ಒಂದು ಗುಳ್ಳೆ. ಗುಳ್ಳೆಯ ಮುಂದಿನ ಆಕಾಶ ಕುಗ್ಗಬೇಕು, ಹಿಂದಿನದು ಹಿಗ್ಗಬೇಕು. ಆಗ ಆಕಾಶವೇ ವಾಹನವನ್ನು ಹೊತ್ತುಕೊಂಡು ಹೋಗುತ್ತದೆ.

ಅಷ್ಟರಲ್ಲಿ ಅಂಗಡಿ ಮುಚ್ಚುವ ಹೊತ್ತಾಗಿತ್ತು. ಹೋಗುತ್ತದೋ ಇಲ್ಲವೋ ತಿಳಿಯದೆ ಅವಳಿಗೆ ನಿದ್ದೆ ಬರುವಂತಿರಲಿಲ್ಲ. ಬೆಳಗ್ಗೆ ತಂದಿಟ್ಟರಾಯಿತು ಎಂದು ಆರನೆಯ ಅಧ್ಯಾಯವನ್ನು ಚೀಲಕ್ಕೆ ಹಾಕಿಕೊಂಡಳು. ಮನೆಗೆ ಬಂದವಳು ಊಟದ ತಟ್ಟೆಯ ಮುಂದೆಯೇ ತೂಕಡಿಸಿದಳು. ಮಾರನೆಯ ದಿನ ಅಂಗಡಿಗೆ ಇನ್ನೂರು ರಿಜಿಸ್ಟರ್ ಒಟ್ಟಿಗೇ ಬಂದು ಬಿದ್ದವು. ಆ ಗಡಿಬಿಡಿಯಲ್ಲಿ ಚೀಲದ ಹಾಳೆ ಮರೆತುಹೋಗಿ, ಇದ್ದಷ್ಟಕ್ಕೇ ಜೆರಾಕ್ಸ್ ಆಯಿತು, ಇದ್ದಷ್ಟನ್ನೇ ಅವಳು ಹೊಲಿದಳು. ಪುಟ ಎಣಿಸಿ ನೋಡುವ ಕೆಲಸವೂ ಅವಳದೇ.

ಆ ಸಂಶೋಧಕನ ಪಿಎಚ್‌ಡಿ ಮೌಖಿಕ ಪರೀಕ್ಷೆ ಇವತ್ತು ಹನ್ನೊಂದು ಗಂಟೆಗೆ. ನಾಲ್ಕು ಪ್ರತಿಯಲ್ಲೂ ಕೊನೆಯ ಅಧ್ಯಾಯವಿಲ್ಲ. ಹೋದ ತಿಂಗಳಷ್ಟೇ ಅವಳು ವಕೀಲರೊಬ್ಬರ ಪುಸ್ತಕಕ್ಕೆ ರಟ್ಟು ತಲೆಕೆಳಗಾಗಿ ಅಂಟಿಸಿದ್ದಳು. "ಇನ್ನೊಂದು ತಪ್ಪಾದ್ರೆ ಮನೇಲೇ ಇದ್ಬಿಡು," ಎಂದಿದ್ದರು ಅಂಗಡಿಯ ಯಜಮಾನರು.

ಹಾಳೆಗಳನ್ನು ಚೀಲಕ್ಕೆ ತುರುಕಿಕೊಂಡು ಅಂಗಡಿಗೆ ಓಡಿದಳು. ಅಲ್ಲಿ ಯಜಮಾನರಿರಲಿಲ್ಲ, ಜೆರಾಕ್ಸ್ ಅಣ್ಣ ಇದ್ದ.

"ಯಜಮಾನ್ರು ಪರೀಕ್ಷೆಗೇ ಹೋಗಿದಾರೆ ಕಣಮ್ಮ. ಟೀ ಬಿಸ್ಕತ್ತು ಕೊಡೋ ಕಡೆ ಅವರು ತಪ್ಪಿಸ್ಕೊಳ್ತಾರಾ?" ಎಂದ. ವಿಷಯ ಕೇಳಿ ಹಣೆ ಚಚ್ಚಿಕೊಂಡ. "ಅಯ್ಯೋ ಗಪ್‌ಚುಪ್ಪೇ! ನೀನು ಓದಿ ಯಾವ ಗ್ರಹಕ್ಕೆ ಹೋಗ್ಬೇಕಾಗಿತ್ತು? ಇರು, ಮೂರು ಪ್ರತಿ ಹೊಡ್ಕೊಡ್ತೀನಿ."

"ಬೇಡ ಅಣ್ಣ, ಹೊತ್ತಾಗುತ್ತೆ."

"ಸುಮ್ನಿರು, ಎರಡು ನಿಮಿಷ."

ಎರಡು ನಿಮಿಷ ಎಂದದ್ದು ಅರ್ಧ ಗಂಟೆಯಾಯಿತು. ಯಂತ್ರ ಮೊದಲ ಹಾಳೆಯನ್ನೇ ಹಲ್ಲು ಕಚ್ಚಿ ಹಿಡಿದುಕೊಂಡಿತು. ಬಿಡಿಸಿ ತೆಗೆದರೆ ಹಾಳೆಗೆ ಮುದುಕಿಯ ಮುಖದಷ್ಟು ಸುಕ್ಕು. ಪ್ರತಿ ತೆಗೆದರೆ ಎಣ್ಣೆ ಡಬ್ಬಿಯ ಗುರುತು ಅಚ್ಚ ಕಪ್ಪು ಉಂಗುರವಾಗಿ ಮೂಡಿತು. "ನೋಡು, ಗ್ರಹಾನೂ ಬಂತು," ಎಂದ ಜೆರಾಕ್ಸ್ ಅಣ್ಣ. ಅವಳು ಮೂಲವನ್ನು ಕಿತ್ತುಕೊಂಡು ಬಸ್ಸಿಗೆ ಓಡಿದಳು.

ಬಸ್ಸಿನಲ್ಲಿ ಕೂತು ಕೊನೆಗೂ ಆ ಅಧ್ಯಾಯ ಓದಿದಳು. ಉತ್ತರ, ಆಗದು. ಗುಳ್ಳೆ ಹಿಡಿದಿಡಲು ಬೇಕಾದಂಥ ಶಕ್ತಿ ಎಲ್ಲೂ ಸಿಕ್ಕಿಲ್ಲ. ಬೆಳಕನ್ನು ಮೀರಿ ಹೋದರೆ ಹೊರಡುವ ಮೊದಲೇ ತಲುಪಿಬಿಡುವ ಪೇಚೂ ಇದೆ. ಹದಿನೈದು ದಿನ ಮೊದಲೇ ತಲುಪಿ ಚೀಲದಿಂದ ಹಾಳೆ ತೆಗೆದಿಡಬಹುದಿತ್ತಲ್ಲ ಎಂದುಕೊಂಡಳು. ಇನ್ನೊಂದು ತೊಡಕು ಎಲ್ಲಕ್ಕಿಂತ ದೊಡ್ಡದು. ಒಳಗೆ ಕೂತವನು ಹೇಳಿದ ಮಾತು ಗುಳ್ಳೆಯ ಮುಂಗೋಡೆಯನ್ನು ಮುಟ್ಟುವುದೇ ಇಲ್ಲ. ಹಾಗಾಗಿ ಅವನು ಅದನ್ನು ನಿಲ್ಲಿಸಲಾರ.

ತಲೆಯೆತ್ತಿದರೆ ಅವಳ ನಿಲ್ದಾಣ ಬಂದಿತ್ತು. "ನಿಲ್ಸಿ," ಎಂದಳು. ಆ ದನಿ ಪಕ್ಕದವರಿಗೇ ಕೇಳಲಿಲ್ಲ. "ನಿಲ್ಸಿ ಸ್ವಲ್ಪ," ಎಂದಳು. ಬಸ್ಸು ಇನ್ನೂ ಎರಡು ನಿಲ್ದಾಣ ದಾಟಿತು. ನಾಚಿಕೆಯಿಂದ ಕಿವಿ ಕೆಂಪಾಗಿ, ಬಂದ ದಾರಿಯನ್ನೆಲ್ಲ ಹಿಂದಕ್ಕೆ ಓಡಿದಳು.

ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಉದ್ದ ಮೇಜಿನ ಒಂದು ಕಡೆ ಬಿಳಿಗಡ್ಡದ ಪರೀಕ್ಷಕರು, ದಪ್ಪ ಕನ್ನಡಕದ ಪರೀಕ್ಷಕರು, ಸಂಶೋಧಕನ ಗೈಡ್ ಮೇಡಂ. ಎದುರಿಗೆ ಬೆವರುತ್ತಿದ್ದ ಸಂಶೋಧಕ. ನಾಲ್ವರ ಮುಂದೆಯೂ ಅವಳೇ ಹೊಲಿದ ನೀಲಿ ರಟ್ಟಿನ ಪುಸ್ತಕ. ಹಿಂದಿನ ಸಾಲಿನಲ್ಲಿ ಯಜಮಾನರು, ಬಾಯಲ್ಲಿ ಬಿಸ್ಕತ್ತು.

ಬಿಳಿಗಡ್ಡದವರು ಹೇಳುತ್ತಿದ್ದರು: "ಅದರಲ್ಲೂ ಕೊನೆಯ ಅಧ್ಯಾಯ! ಅಬ್ಬಬ್ಬಾ! ಬೆಳಕಿಗಿಂತ ವೇಗವಾಗಿ ಹೋಗ್ಬಹುದು ಅಂತ ಎಷ್ಟು ಖಚಿತವಾಗಿ ತೋರ್ಸಿದೀರಿ. ನಾನು ಎರಡೆರಡು ಸಲ ಓದ್ದೆ."

ಸಂಶೋಧಕ ಗೈಡ್ ಮೇಡಂ ಕಡೆ ಒಮ್ಮೆ ನೋಡಿದ. "ಹೌದು ಸರ್," ಎಂದ.

ಅವಳು ಬಾಗಿಲಲ್ಲೇ ನಿಂತು ಕೈಯಲ್ಲಿದ್ದ ಹಾಳೆಗಳನ್ನು ನೋಡಿದಳು. ತಿರುಗಿ ಹೋಗಿಬಿಟ್ಟರೆ ಯಾರಿಗೂ ಏನೂ ತಿಳಿಯುವುದಿಲ್ಲ. ಅವಳು ಒಂದು ಹೆಜ್ಜೆ ಹಿಂದಿಟ್ಟಳು. ಅಷ್ಟರಲ್ಲಿ ಬಾಗಿಲ ಬಳಿಯ ಜವಾನ ಊರಿಗೆಲ್ಲ ಕೇಳುವಂತೆ, "ಏನಮ್ಮ, ಯಾರು ಬೇಕಾಗಿತ್ತು?" ಎಂದ.

ಎಲ್ಲರೂ ತಿರುಗಿದರು. ಯಜಮಾನರ ಬಾಯಿ ಅಗಿಯುವುದನ್ನು ನಿಲ್ಲಿಸಿತು.

"ಕೊನೇ ಅಧ್ಯಾಯ," ಎಂದಳು. "ನನ್ನ ಹತ್ರ ಉಳ್ಕೊಂಡಿತ್ತು. ತಪ್ಪು ನಂದೇ. ಪುಸ್ತಕದಲ್ಲಿ ಅದು ಇಲ್ಲ."

"ಏನು ಮಾತಾಡ್ತಿದೀಯಮ್ಮ?" ಎಂದು ಬಿಳಿಗಡ್ಡದವರು ನಕ್ಕು ಪುಸ್ತಕವನ್ನು ತೆರೆದರು.

ಚಟ್!

ಆ ಸದ್ದು ಅವಳಿಗೆ ಚೆನ್ನಾಗಿ ಗೊತ್ತು. ಹೊಸ ಬೈಂಡಿನ ಬೆನ್ನು ಜೀವಮಾನದಲ್ಲಿ ಒಂದೇ ಒಂದು ಸಲ ಹಾಗೆ ಸದ್ದು ಮಾಡುತ್ತದೆ, ಮೊಟ್ಟಮೊದಲು ತೆರೆದಾಗ.

ಕನ್ನಡಕದವರು ತಮ್ಮದನ್ನು ತೆರೆದರು. ಚಟ್! ಗೈಡ್ ಮೇಡಂ ತೆರೆದರು. ಚಟ್! ಕೊನೆಗೆ ಬರೆದವನೇ ತನ್ನ ಪ್ರತಿ ತೆರೆದ. ಅದೂ ಚಟ್ ಎಂದಿತು.

ನಾಲ್ವರೂ ಕೊನೆಯ ಪುಟ ಹುಡುಕತೊಡಗಿದರು. ನಾಚಿಕೆಯಾದದ್ದು ಮಾತ್ರ ಅವಳಿಗೆ, ಯಾರೋ ಬಟ್ಟೆ ಬದಲಿಸುವಾಗ ಬಾಗಿಲು ತೆರೆದುಬಿಟ್ಟ ಹಾಗೆ. ಆ ಸದ್ದಿನ ಅರ್ಥ ಬಲ್ಲ ಇನ್ನೊಬ್ಬರೆಂದರೆ ಯಜಮಾನರು. ಅವರು ಬಿಸ್ಕತ್ತನ್ನೇ ನೋಡುತ್ತಿದ್ದರು.

ಕನ್ನಡಕದವರು ಅವಳ ಕೈಯಿಂದ ಒಂದು ಹಾಳೆ ತೆಗೆದುಕೊಂಡು, ಏನಾದರೂ ಹೇಳಲೇಬೇಕಲ್ಲ ಎಂಬಂತೆ, "ಗುಳ್ಳೆಯ ಈ ಚಿತ್ರ ಬಹಳ ನಿಖರವಾಗಿದೆ," ಎಂದರು.

"ಅದು ಎಣ್ಣೆ ಡಬ್ಬಿದು ಸರ್," ಎಂದಳು ಅವಳು, ನೆಲ ನೋಡುತ್ತ.

ಬಿಳಿಗಡ್ಡದವರು ಕೆಮ್ಮಿದರು. "ಹಾಳೆ ಇಲ್ಲ ಅನ್ನೋದು ನನಗೆ ಮೊದಲೇ ಗೊತ್ತಿತ್ತು. ಅಭ್ಯರ್ಥಿ ಏನಂತಾನೆ ನೋಡೋಣ ಅಂತ ಸುಮ್ಮನಿದ್ದೆ."

"ನಾನೂ ಗಮನಿಸಿದ್ದೆ," ಎಂದರು ಕನ್ನಡಕದವರು.

"ಒಟ್ನಲ್ಲಿ ತಪ್ಪು ಬೈಂಡಿಂಗ್‌ನೋರದ್ದು," ಎಂದರು ಗೈಡ್ ಮೇಡಂ. ಕೋಣೆಗೆ ಉಸಿರು ಬಂದಂತಾಯಿತು. ಸಂಶೋಧಕನೂ ಜೋರಾಗಿ ತಲೆಯಾಡಿಸಿದ. ಎಲ್ಲರೂ ಯಜಮಾನರನ್ನು ನೋಡಿದರು, ಯಜಮಾನರು ಅವಳನ್ನು ನೋಡಿದರು.

"ನಾಳೆಯಿಂದ ಬರ್ಬೇಡಮ್ಮ," ಎಂದರು. ದನಿಯಲ್ಲಿ ಸಿಟ್ಟೂ ಇರಲಿಲ್ಲ.

ಐದು ನಿಮಿಷದಲ್ಲಿ ಸಂಶೋಧಕ ಡಾಕ್ಟರ್ ಆದ. ಇದ್ದ ಐದು ಅಧ್ಯಾಯವೇ ಧಾರಾಳ ಸಾಕು ಎಂದು ತೀರ್ಮಾನವಾಯಿತು. ಕೈಕುಲುಕಾಟವಾಯಿತು. ಟೀ ಇಟ್ಟ ಮೇಜಿನತ್ತ ಎಲ್ಲರೂ ನಡೆದರು. ಕನ್ನಡಕದವರು ಹೋಗುತ್ತ ಆ ಒಂದು ಹಾಳೆಯನ್ನೂ ಅವಳಿಗೇ ವಾಪಸು ಕೊಟ್ಟರು.

ಅವಳು ಹನ್ನೊಂದನ್ನೂ ಕ್ರಮವಾಗಿ ಜೋಡಿಸಿದಳು. ಅಂಚು ತಟ್ಟಿ ಸಮ ಮಾಡಿ, ಪುಟ ಎಣಿಸಿದಳು. ಈ ಸಲ ಸರಿಯಾಗಿತ್ತು.

"ಸರ್," ಎಂದಳು. ಲೋಟಗಳ ಸದ್ದಿನಲ್ಲಿ ಯಾರ ಬೆನ್ನೂ ತಿರುಗಲಿಲ್ಲ. ಅವಳು ಗಂಟಲು ಸರಿಮಾಡಿಕೊಂಡು, ಹುಟ್ಟಿದಾರಭ್ಯ ಎತ್ತದಷ್ಟು ದನಿಯೆತ್ತಿ ಹೇಳಿದಳು:

"ತುಂಬಾ ಚೆನ್ನಾಗಿದೆ ಸರ್. ಯಾರಾದ್ರೂ ಒಬ್ರು ಓದಿ."