ಎಂಟು ಹನ್ನೆರಡರ ಲೋಕಲ್‌ನಲ್ಲಿ ಚಂದ್ರಿ

ಚಂದ್ರಿ ಒಮ್ಮೆ ತಲೆ ಕೊಡವಿದ್ದೇ ಇಷ್ಟಕ್ಕೆಲ್ಲ ಕಾರಣ.

ಮುಂಬಯಿ ಪಕ್ಕದ ಕಲ್ಯಾಣದ ಸಾಬವ್ವನ ಕೊಟ್ಟಿಗೆಯಲ್ಲಿರುವ ಆ ಹಸುವಿನ ಕೊರಳಿಗೆ ಡೆನ್ಮಾರ್ಕಿನ ಪಟ್ಟಿ ಕಟ್ಟಿ ಬರುವುದು ಭುಜಂಗನ ಕೆಲಸ. ಹಸು ನಿಂತದ್ದು, ಮಲಗಿದ್ದು, ಮೆಲುಕು ಹಾಕಿದ್ದು, ಅದರ ಎದೆಬಡಿತ ಎಲ್ಲವನ್ನೂ ಪಟ್ಟಿ ಮೊಬೈಲ್ ನೆಟ್‌ವರ್ಕಿನಲ್ಲಿ ಡೆನ್ಮಾರ್ಕಿಗೆ ಚಾಡಿ ಹೇಳುತ್ತದೆ. ಅಲ್ಲಿ ಹಸುಗಳು ಅದನ್ನು ಕಟ್ಟಿಕೊಂಡೇ ಮೇಯುತ್ತವಂತೆ. ನ್ಯೂಜಿಲೆಂಡಿನ ರೈತ ಹಾಸಿಗೆಯಲ್ಲೇ ಫೋನ್ ನೋಡಿ ಯಾವ ಹಸುವಿಗೆ ಜ್ವರವೆಂದು ಹೇಳುತ್ತಾನಂತೆ. ಇವತ್ತಿನ ಪರೀಕ್ಷೆ ಗೆದ್ದರೆ ಠಾಣೆ ಊರಿನಲ್ಲಿರುವ ಭುಜಂಗನ ಕಚೇರಿಗೆ ಪಟ್ಟಿ ಮಾರುವ ಏಜೆನ್ಸಿ. ಹೋಟೆಲಿನ ಗಲ್ಲಾ ಕೆಲಸ ಹೋದ ಮೇಲೆ ಆರು ತಿಂಗಳಿನಿಂದ ಅಲ್ಲಿ ತಾತ್ಕಾಲಿಕವಾಗಿರುವ ಭುಜಂಗನಿಗೆ ಕಾಯಂ ಪತ್ರ.

"ಬಾರೋ ಯಪ್ಪಾ, ಹಸಾ ಐತಿ, ಹುಲಿ ಅಲ್ಲ. ನಾ ಹಗ್ಗಾ ಹಿಡದೀನಿ," ಎಂದಳು ಸಾಬವ್ವ.

ಚಂದ್ರಿ ತಲೆ ಕೊಡವಿತು. ಕೊಂಬು ಅಂಗಿಯ ಗುಂಡಿಗೆ ತಾಗಿತು. ಭುಜಂಗ ಮತ್ತೆ ಉಸಿರಾಡಿದ್ದು ಕಲ್ಯಾಣ ಸ್ಟೇಶನ್ನಿನಲ್ಲಿ. ಪಟ್ಟಿ ಕೈಯಲ್ಲೇ ಇತ್ತು.

ಫೋನಿನಲ್ಲಿ ಸಹೋದ್ಯೋಗಿ ಸಮಿತ್ ನಕ್ಕ. "ಅರೇ ಭುಜಂಗಣ್ಣ, ಟೆನ್ಶನ್ ಕಾಯ್ಕೋ, ಯಾಕೆ ಹೆದರ್ತೀರಾ? ಮಷಿನ್‌ಗೆ ಮೈಬಿಸಿ ಸಿಕ್ಕಿದ್ರೆ ಬಸ್, ಅಷ್ಟೇ ಸಾಕು. ನೀವೇ ಕಟ್ಕೊಳಿ. ಡೆನ್ಮಾರ್ಕ್‌ನವ್ರು ಬಂದು ಬಾಲ ನೋಡ್ತಾರಾ?"

ಭುಜಂಗ ಅಂಗಿಯೊಳಗೆ ಎದೆಗೆ ಪಟ್ಟಿ ಬಿಗಿದುಕೊಂಡು ಎಂಟು ಹನ್ನೆರಡರ ಲೋಕಲ್ ರೈಲು ಹತ್ತಿದ. ಹತ್ತಿದ ಎನ್ನುವುದಕ್ಕಿಂತ, ಉಪ್ಪಿನಕಾಯಿ ಭರಣಿಗೆ ಕೊನೆಯ ಮಾವಿನಕಾಯಿಯನ್ನು ತುರುಕುವಂತೆ ಜನ ಅವನನ್ನು ತುರುಕಿದರು.

ಕಚೇರಿಯಲ್ಲಿ ಮ್ಯಾನೇಜರ್ ಅನಂತರಾಮ ಕಂಪ್ಯೂಟರಿನ ಮುಂದೆ ಬೆವರುತ್ತಿದ್ದರು. "ರೀ ಭುಜಂಗ, ಆ ಹಸುಗೆ ಏನ್ರೀ ಮಾಡಿದ್ರಿ? ಡೆನ್ಮಾರ್ಕಿಂದ ಬಂದಿರೋದು ಕೇಳಿ! 'ಎಂಟು ಹನ್ನೆರಡರಿಂದ ಹಸುವನ್ನು ನಾಲ್ಕೂ ಕಡೆಯಿಂದ ಅದುಮಲಾಗಿದೆ. ಮುನ್ನೂರ ಹದಿನಾಲ್ಕು ಗುದ್ದು ಬಿದ್ದಿವೆ. ಎರಡೇ ಕಾಲಿನ ಮೇಲೆ ನಿಂತಿರುವ ಸೂಚನೆ ಇದೆ!'"

ಟೈಪಿಸ್ಟ್ ಜಯಲತಾ ಎದೆಗೆ ಕೈಯಿಟ್ಟುಕೊಂಡಳು. "ದೇವರೇ! ಬಾಯಿ ಬಾರದ ಜೀವಕ್ಕೆ ಹೀಗೆ ಮಾಡುವುದಾ? ನೀವು ಮನುಷ್ಯರಾ ಎಂಥ ಮಾರಾಯ್ರೆ?"

"ಸ್ವಲ್ಪ... ರಶ್ ಇತ್ತು," ಎಂದ ಭುಜಂಗ.

"ಕೊಟ್ಟಿಗೇಲಿ ಎಂಥಾ ರಶ್ಶು?" ಎಂದು ಅನಂತರಾಮ ಗುಡುಗುತ್ತ ಎದ್ದು ಬಂದರು. ಕಂಪ್ಯೂಟರ್ ಕಿರುಚಿತು. ಜಯಲತಾ ಓದಿದಳು: "'ಎಚ್ಚರಿಕೆ! ಎದೆಬಡಿತ ಏರಿದೆ, ಹಸುವಿನ ಸಮೀಪ ಕ್ರೂರಮೃಗ ಬಂದಿದೆ.' ಅಯ್ಯೋ, ನಮ್ಮ ಠಾಣೆಯ ಯೇವೂರು ಗುಡ್ಡದ ಚಿರತೆ ಕಲ್ಯಾಣಕ್ಕೆ ಹೋಯಿತಾ ಸರ್?"

ಗಾಬರಿಯಿಂದ ಅನಂತರಾಮ ಭುಜಂಗನ ಕಾಲರ್ ಹಿಡಿದರು. "ಫೋನ್ ಮಾಡ್ರೀ ಆ ಸಾಬವ್ವಂಗೆ!"

"'ಮೃಗ ಮೇಲೆ ಬಿದ್ದಿದೆ!'" ಜಯಲತಾ ಚೀರಿದಳು.

ಸಾಬವ್ವ ಫೋನ್ ಎತ್ತಲಿಲ್ಲ. ಅನಂತರಾಮ ತಲೆ ಹಿಡಿದುಕೊಂಡು ಚಹಾಕ್ಕೆ ಹೊರಟರು. ಅವರು ಬಾಗಿಲು ದಾಟಿದ್ದೇ ತಡ, ಮೃಗವೂ ಹೋಯಿತೆಂದು ಕಂಪ್ಯೂಟರ್ ಹೇಳಿತು.

ಮಧ್ಯಾಹ್ನ ಭುಜಂಗ ಆರು ನಿಮಿಷದಲ್ಲಿ ಊಟದ ಡಬ್ಬಿ ಮುಗಿಸಿದ್ದಕ್ಕೆ, "ಹಸುವನ್ನು ಮೇವಿನಿಂದ ಎಬ್ಬಿಸಲಾಗಿದೆ" ಎಂಬ ದೂರು ಬಂತು. ನಾಲ್ಕು ಗಂಟೆಗೆ ಡೆನ್ಮಾರ್ಕಿನ ಪಶುವೈದ್ಯರ ಪತ್ರ. ಅನಂತರಾಮ ನಿಂತುಕೊಂಡೇ ಓದಿದರು.

"'ಏಜೆನ್ಸಿ ಬೇಕಿದ್ದರೆ ಎರಡು ಷರತ್ತು. ಮೂವತ್ತು ವರ್ಷದಲ್ಲಿ ಇಷ್ಟು ನೊಂದ ಪ್ರಾಣಿಯನ್ನು ನಾನು ನೋಡಿಲ್ಲ. ಅದಕ್ಕೆ ಹದಿನಾಲ್ಕು ದಿನ ಪೂರ್ಣ ವಿಶ್ರಾಂತಿ, ನೆರಳು, ಹೊಟ್ಟೆತುಂಬ ಆಹಾರ ಕೊಡಬೇಕು.'"

ಭುಜಂಗನ ಕಣ್ಣು ತುಂಬಿ ಬಂತು. ತನ್ನ ಕಷ್ಟವನ್ನು ಇಷ್ಟು ಚೆನ್ನಾಗಿ ಹೆಂಡತಿಯೂ ಅರಿತಿರಲಿಲ್ಲ. "ಕೊಡಬೇಕು ಸರ್, ಖಂಡಿತ ಕೊಡಬೇಕು."

"'ಎರಡನೆಯದು, ಅದನ್ನು ನೋಡಿಕೊಳ್ಳುತ್ತಿದ್ದ ರಾಕ್ಷಸನನ್ನು ಇವತ್ತೇ ಕೆಲಸದಿಂದ ತೆಗೆಯಬೇಕು.'" ಅನಂತರಾಮ ಕಾಯಂ ಪತ್ರವನ್ನು ನಾಲ್ಕು ಚೂರು ಮಾಡಿದರು. "ಹೋಗ್ಬನ್ನಿ ಭುಜಂಗ."

"ಸರ್! ಆ ಹಸು ನಾನೇ ಸರ್!"

"ಕೆಲಸ ಹೋದಾಗ ಎಲ್ಲರೂ ಇದನ್ನೇ ಹೇಳೋದು."

ಬೇರೆ ದಾರಿ ಕಾಣದೆ ಭುಜಂಗ ಅಂಗಿಯ ಗುಂಡಿ ಬಿಚ್ಚಿದ. ಎದೆಯ ಮೇಲೆ ಪಟ್ಟಿಯ ಕೆಂಪು ದೀಪ ಮಿನುಗುತ್ತಿತ್ತು.

"ಅಯ್ಯಯ್ಯೋ!" ಜಯಲತಾ ಪಟ್ಟಿಯತ್ತ ಬೊಟ್ಟು ಮಾಡಿದಳು. "ಸಾಯುವ ಹಸುವಿನ ಕೊರಳಿಂದ ಪಟ್ಟಿಯನ್ನೂ ಕದ್ದುಕೊಂಡು ಬಂದಿದ್ದಾರಲ್ಲ!"

ಭುಜಂಗ ಆಸೆಯಿಂದ ಸಮಿತ್‌ನತ್ತ ತಿರುಗಿದ.

"ವಾಚ್‌ಮನ್!" ಎಲ್ಲರಿಗಿಂತ ಮೊದಲು ಕೂಗಿದವನು ಸಮಿತ್.