ಅಂಟಾರ್ಕ್ಟಿಕಾಕ್ಕೆ ಹೋದ ಪಾಚಿ ಅತ್ತೆ

ತಿಪಟೂರಿನ ಡಿಸೆಂಬರ್ ಚಳಿಗೇ ಮಂಕಿ ಕ್ಯಾಪು, ಎರಡು ಸ್ವೆಟರ್, ಮೇಲೊಂದು ಶಾಲು ಹೊದೆಯುವ ಹೆಂಗಸು ಅಂಟಾರ್ಕ್ಟಿಕಾಕ್ಕೆ ಹೋಗಿ ಬಂದರೆಂದರೆ ನೀವು ನಂಬುತ್ತೀರಾ? ನಂಬಲೇಬೇಕು, ಅವರು ನನ್ನ ಸೋದರತ್ತೆ!

ಅತ್ತೆ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಹೇಳುತ್ತಾರೆ. ಪ್ರಾಣವೆಲ್ಲ ಪಾಚಿಯ ಮೇಲೆ. ತೋಟದ ತೊಟ್ಟಿಯ ಪಾಚಿಯನ್ನು ಅಮ್ಮ ಒಮ್ಮೆ ತೆಂಗಿನ ನಾರಿನಿಂದ ಉಜ್ಜಿ ತೆಗೆದಾಗ ದೊಡ್ಡ ಜಗಳವೇ ಆಯಿತು.

"ಅತ್ತಿಗೆ, ಅದೂ ಒಂದು ಜೀವ ಕಣ್ರೀ!"

"ಜಾರಿ ಬೀಳೋದು ನನ್ ಜೀವ ಕಣಮ್ಮ!"

ಹಿಮದ ನಾಡಿನ ಪಾಚಿಯನ್ನು ಹಲವು ದೇಶದವರು ಕೂಡಿ ಅಧ್ಯಯನ ಮಾಡುವ ತಂಡಕ್ಕೆ ಅತ್ತೆ ಆಯ್ಕೆಯಾದರು. ಚಳಿ ರೂಢಿಯಾಗಲೆಂದು ಐಸ್ ಫ್ಯಾಕ್ಟರಿಯೊಳಗೆ ಹೋಗಿ ಕೂತರು. ಸ್ವಲ್ಪ ಹೊತ್ತಿಗೆ ಮಾಲೀಕನೇ ಕೈಮುಗಿದ: "ಮೇಡಮ್ಮೋರೆ, ನಿಮ್ ಹಲ್ಲು ಕಟಕಟ ಅನ್ನೋದ್ ಕೇಳಿ, ಮಿಷಿನ್ ಕೆಟ್ಟೋಯ್ತು ಅಂತ ಕೆಲಸದೋರು ಕರೆಂಟ್ ತೆಗುದ್ಬುಟ್ರು. ಮನೆಗೋಗಿ ತಾಯಿ!"

ಹಡಗು ಹತ್ತುವ ಮೊದಲು ಎಲ್ಲರ ಬಟ್ಟೆ, ಬೂಟುಗಳ ತಪಾಸಣೆ. ಹೊರಗಿನ ಒಂದು ಬೀಜವೂ ಆ ನೆಲಕ್ಕೆ ಬೀಳಕೂಡದು. ಅತ್ತೆಯ ಸ್ವೆಟರ್ ಜೇಬಿನಲ್ಲಿ ಸಿಕ್ಕಿತಲ್ಲ, ಒಂದು ರಾಗಿ ಕಾಳು! ತಂಡದಲ್ಲಿದ್ದ ಪೋಲೆಂಡಿನ ಮಹಿಳಾ ವಿಜ್ಞಾನಿಯೊಬ್ಬರು ಅದನ್ನು ಚಿಮಟದಲ್ಲಿ ಹಿಡಿದು ಬಾಂಬು ನೋಡಿದಂತೆ ನೋಡಿದರಂತೆ. ಅತ್ತೆ ನಾಚಿಕೊಂಡು, "ಇದು ನಮ್ಮೂರಿನ ಊಟ" ಎಂದರೆ ಆಕೆ, "ಇಷ್ಟೇನಾ?" ಎಂದರಂತೆ!

ಅಲ್ಲಿಂದ ಸ್ನೇಹ. ಇಬ್ಬರಿಗೂ ಗುಡಾರ ಒಂದೇ, ಹಿಮದ ಮೇಲೆ ನಡೆಯುವಾಗ ಸೊಂಟಕ್ಕೆ ಕಟ್ಟಿಕೊಳ್ಳುವ ಹಗ್ಗವೂ ಒಂದೇ. ಒಂದು ದಿನ ಅತ್ತೆ ಹಿಮದ ಬಿರುಕಿನೊಳಕ್ಕೆ ಜಾರಿದರು.

"ಅವ್ಳೂ ನನ್ಜೊತೆ ಅಂಚಿನ್ ತನ್ಕ ಜಾರ್ಕೊಂಡ್ ಬಂದ್ಲು ಕಣ್ಲಾ. ಆದ್ರೂ ಹಗ್ಗ ಬುಡ್ಲಿಲ್ಲ" ಎಂದು ಒಮ್ಮೆ ಮಾತ್ರ ಹೇಳಿದರು. ತಕ್ಷಣ, ಸಾರು ಉಕ್ಕುತ್ತಿದೆಯೆಂದು ಎದ್ದುಹೋದರು. ಒಲೆ ಹಚ್ಚಿರಲೇ ಇಲ್ಲ.

ಹೋದ ವರ್ಷ ಪೋಲೆಂಡಿನಿಂದ ಸುದ್ದಿ ಬಂತು. ಆಕೆಗೆ ಸ್ಟ್ರೋಕ್ ಆಗಿತ್ತು. ಜೀವ ಉಳಿಯಿತು. ಆದರೆ ಕಲಿತ ಇಂಗ್ಲಿಷೆಲ್ಲ ಅಳಿಸಿಹೋಗಿ, ತಾಯ್ನುಡಿಯ ನಾಲ್ಕು ಮಾತಷ್ಟೇ ಉಳಿದಿದ್ದವು.

ಈಗ ಪ್ರತಿ ಭಾನುವಾರ ಸಂಜೆ ಅತ್ತೆ ಜಗಲಿಯಲ್ಲಿ ಕೂತು ಆಕೆಗೆ ವಿಡಿಯೊ ಕಾಲ್ ಮಾಡುತ್ತಾರೆ. ಆಕೆ ಪೋಲಿಷ್ ಭಾಷೆಯಲ್ಲಿ ತಡವರಿಸುತ್ತ ಏನೋ ಹೇಳುತ್ತಾರೆ. ಅತ್ತೆ ಕನ್ನಡದಲ್ಲೇ, "ಊಂ, ಆಮೇಲೆ? ಊಟ ಮಾಡ್ದೇನೇ?" ಎನ್ನುತ್ತಾರೆ. ಬಹಳ ಹೊತ್ತು ಹೀಗೇ ನಡೆಯುತ್ತದೆ.

ಮೊನ್ನೆ ಕೇಳಿದೆ: "ಏನಂದ್ರು, ಅತ್ತೆ?"

"ಯಾರಿಗ್ಗೊತ್ತು ಕಣ್ಲಾ" ಎಂದು ಅತ್ತೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. "ಆದ್ರೆ ಹೋದ್ವಾರಕ್ಕಿಂತ ಒಂದೆರಡು ಮಾತು ಜಾಸ್ತಿ ಆಡಿದ್ಲು."