ಅತ್ತೆಯ ಬೆರಳಿಗೆ ಒಲಿಯದ ಸ್ಲೇಟು

ನಮ್ಮ ಮನೆಯಲ್ಲಿ ಯಾರೂ ಬಿದ್ದು ಬಿದ್ದು ನಗದೆ ಒಂದು ವಾರ ಕಳೆದರೆ ಅತ್ತೆಗೆ ಅನುಮಾನ ಬಂದುಬಿಡುತ್ತೆ. "ಏನೇ, ಸ್ಲೇಟು ಕೆಟ್ಟು ಹೋಯ್ತಾ?" ಅಂತ ವಿಚಾರಿಸುತ್ತಾರೆ.

ಸ್ಲೇಟು ಅಂದರೆ ನನ್ನ ಟ್ಯಾಬು. ನಾನು ಹಾಡುಗಾರಿಕೆ ಪಾಠ ಹೇಳುವವಳು. ಮೊದಲೆಲ್ಲ ಶ್ರುತಿಪೆಟ್ಟಿಗೆ, ಪುಸ್ತಕದ ಕಟ್ಟು, ಕೊಡೆ, ನೀರಿನ ಬಾಟಲಿ ಹೊತ್ತುಕೊಂಡು ಓಡಾಡುತ್ತಿದ್ದೆ. ಈಗ ತಂಬೂರಿ ಅದರೊಳಗೆ, ತಾಳ ಅದರೊಳಗೆ, ಕೀರ್ತನೆಗಳ ಸ್ವರ ಸಾಹಿತ್ಯವೆಲ್ಲ ಅದರೊಳಗೆ. ಗ್ಯಾಸ್ ಬುಕ್ ಮಾಡುವುದೂ ಅದರಲ್ಲೇ, ಪಾಠಕ್ಕೆ ಬಾರದ ಮಕ್ಕಳ ತಾಯಂದಿರಿಗೆ ಮೆಸೇಜು ಹಾಕುವುದೂ ಅದರಲ್ಲೇ. ರೊಟ್ಟಿ ಕಾವಲಿಯಷ್ಟು ದಪ್ಪವೂ ಇಲ್ಲದ ಈ ವಸ್ತುವಿನೊಳಗೆ ಇಷ್ಟೆಲ್ಲ ಹೇಗಪ್ಪಾ ಹಿಡಿಯುತ್ತೆ ಅಂತ ನಾನು ಇವತ್ತಿಗೂ ಅದನ್ನು ತಿರುಗಿಸಿ ಬೆನ್ನು ನೋಡುತ್ತೇನೆ.

ಗುರುತು ಸಿಗದ ಬೆರಳು

ಟ್ಯಾಬು ಬಂದದ್ದು ನನ್ನ ಪಾಠಕ್ಕೆ. ಆದರೆ ಅದೇ ತಿಂಗಳು ಇದೇ ಮದರಾಸಿನ ಕೀಲ್ಪಾಕ್‌ನಲ್ಲಿರುವ ಚಿಕ್ಕತ್ತೆಗೆ, ಅಂದರೆ ನಮ್ಮತ್ತೆಯ ತಂಗಿಗೆ, ಕತ್ತಿನಲ್ಲಿ ಗಂಟು ಕಾಣಿಸಿಕೊಂಡಿತು. ಕೆಟ್ಟ ಗಂಟಲ್ಲ, ಆದರೂ ತೆಗೆಯಲೇಬೇಕು ಅಂದರು ಡಾಕ್ಟರು. "ದನಿಯ ನರದ ಪಕ್ಕದಲ್ಲೇ ಕೂತಿದೆ. ಆಮೇಲೆ ದನಿ ಹೀಗೇ ಇರುತ್ತೆ ಅಂತ ಮಾತು ಕೊಡೋಕಾಗಲ್ಲ" ಅಂತಲೂ ಅಂದರು. ಚಿಕ್ಕತ್ತೆ ಹಾಡುವವರು, ಅತ್ತೆ ವೀಣೆಯವರು. ಮೈಸೂರಿನಲ್ಲಿ ಲಂಗ ಉಟ್ಟ ಕಾಲದಿಂದ ಒಬ್ಬರು ಹಾಡಿದರೆ ಇನ್ನೊಬ್ಬರು ನುಡಿಸಬೇಕು, ಇಲ್ಲದಿದ್ದರೆ ಇಬ್ಬರಿಗೂ ಊಟ ಸೇರುತ್ತಿರಲಿಲ್ಲವಂತೆ.

ಬೆಸೆಂಟ್ ನಗರದಲ್ಲಿ ನಮ್ಮದು ಮೂರನೇ ಮಹಡಿ, ಲಿಫ್ಟಿಲ್ಲ. ಮೊಣಕಾಲು ಕೈಕೊಟ್ಟ ಮೇಲೆ ಅತ್ತೆಗೆ ಇಳಿಯೋಕಾಗಲ್ಲ, ಚಿಕ್ಕತ್ತೆಗೆ ಹತ್ತೋಕಾಗಲ್ಲ. ಹಾಗಾಗಿ ಸಂಜೆ ಆದರೆ ಅಕ್ಕ ತಂಗಿಗೆ ಟ್ಯಾಬಿನಲ್ಲೇ ಭೇಟಿ. ಮೊದಲನೇ ದಿನ ಚಿಕ್ಕತ್ತೆಯ ಮುಖ ಪರದೆ ತುಂಬ ಬಂದಾಗ ಅತ್ತೆ ಕೈಮುಗಿದುಬಿಟ್ಟರು. "ಓಲೆ ಬದಲಾಯಿಸಿದ್ದೀಯಲ್ಲೇ! ಅದೂ ಕಾಣಿಸುತ್ತಲ್ಲೇ!" ಅಂತ ಕಣ್ಣೊರೆಸಿಕೊಂಡರು.

ಮಾರನೇ ದಿನ ತಾವೇ ಕರೆ ಎತ್ತುತ್ತೇನೆ ಅಂತ ಹಟ. ಹಸಿರು ಗುಂಡಿ ತೋರಿಸಿಕೊಟ್ಟೆ. ಒತ್ತಿದರು, ಏನೂ ಆಗಲಿಲ್ಲ. ಗುದ್ದಿದರು, ಆಗಲೂ ಇಲ್ಲ. ನಾನು ಸುಮ್ಮನೆ ಹಾಗೆ ತಾಗಿಸಿದೆ, ಚಿಕ್ಕತ್ತೆ ಬಂದರು. ಆಮೇಲೆ ಗೊತ್ತಾಯಿತು. ವೀಣೆಯ ತಂತಿ ಮೀಟಿ, ಒತ್ತಿ, ಎಳೆದು ಅತ್ತೆಯ ತೋರುಬೆರಳು, ನಡುಬೆರಳುಗಳ ತುದಿಗಳು ಕೊಬ್ಬರಿ ಚಿಪ್ಪಿನ ಹಾಗೆ ಜಡ್ಡುಗಟ್ಟಿವೆ. ಟ್ಯಾಬಿಗೆ ಅದು ಬೆರಳು ಅಂತಲೇ ಅನ್ನಿಸುವುದಿಲ್ಲ.

ಅತ್ತೆಗೆ ಮೈಯೆಲ್ಲ ಉರಿದುಹೋಯಿತು. "ಇಷ್ಟು ವರ್ಷ ಸರಸ್ವತಿ ಸೇವೆ ಮಾಡಿದ ಬೆರಳು ಕಣೇ ಇದು! ಏನೂ ಮಾಡದ ನಿನ್ನ ಗಂಡನ ಬೆರಳು ಗುರುತಿದೆ, ನನ್ನದಿಲ್ಲವಾ?"

"ಉಂಗುರದ ಬೆರಳಲ್ಲಿ ಒತ್ತಿ ನೋಡಿ ಅತ್ತೆ, ಅದು ಮೆತ್ತಗಿದೆ" ಅಂದೆ.

"ಉಂಗುರದ ಬೆರಳು ಇರೋದು ಕುಂಕುಮ ಇಡೋಕೆ. ಫೋನು ಎತ್ತೋಕಲ್ಲ" ಅಂತ ಎದ್ದು ಹೋದರು.

ಚೀಲದೊಳಗಿನ ತಂಬೂರಿ

ವಾರಕ್ಕೆರಡು ದಿನ ನನಗೆ ತಾಂಬರಂನಲ್ಲಿ ಪಾಠ. ಗಿಂಡಿ ಸ್ಟೇಷನ್ನಿನಲ್ಲಿ ಎಲೆಕ್ಟ್ರಿಕ್ ಟ್ರೈನ್ ಹತ್ತಬೇಕು. ಒಂದು ಸಂಜೆ ಲೇಡೀಸ್ ಡಬ್ಬಿಯಲ್ಲಿ ಕಾಲಿಡಲು ಜಾಗವಿಲ್ಲ. ಒಂದು ಕೈಯಲ್ಲಿ ಕಂಬಿ, ಇನ್ನೊಂದು ಕೈಯಲ್ಲಿ ಸೆರಗು, ಚೀಲ ಯಾರದೋ ಬೆನ್ನಿಗೆ ಒತ್ತಿಕೊಂಡಿದೆ. ಆ ಒತ್ತಡಕ್ಕೆ ಟ್ಯಾಬಿಗೆ ಏನು ತೋಚಿತೋ, ಒಳಗಿನಿಂದ ತಂಬೂರಿ ಶುರುವಾಯಿತು. ಝುಂ... ಅಂತ.

ಪಕ್ಕದವಳು ಗಾಬರಿಯಾದಳು. "ಎನ್ನಮ್ಮಾ, ಪೈಯಿಲ ವಂಡು ಇರುಕ್ಕಾ?" ಚೀಲದಲ್ಲಿ ದುಂಬಿ ಇದೆಯಾ ಅಂತ ಕೇಳಿದ್ದು. ಸುತ್ತಲಿದ್ದವರು ನನ್ನಿಂದ ಒಂದು ಗೇಣು ಹಿಂದೆ ಸರಿದರು. ಆ ಡಬ್ಬಿಯಲ್ಲಿ ಒಂದು ಗೇಣು ಜಾಗ ಹೇಗೆ ಹುಟ್ಟಿತು ಅನ್ನುವುದೇ ನನಗೆ ಇವತ್ತಿಗೂ ಆಶ್ಚರ್ಯ.

"ದುಂಬಿಯಲ್ಲಮ್ಮ, ಶ್ರುತಿ" ಅಂದೆ ತಮಿಳಿನಲ್ಲಿ. ಕೈ ಬಿಟ್ಟರೆ ಬೀಳುತ್ತೇನೆ, ನಿಲ್ಲಿಸುವುದು ಹೇಗೆ? ಅಷ್ಟರಲ್ಲಿ ಕಿಟಕಿಯ ಹತ್ತಿರ ಕೂತಿದ್ದ ಆಫೀಸಿನ ಹೆಂಗಸೊಬ್ಬರು ಊಟದ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಕಣ್ಣು ಮುಚ್ಚಿ, ಮುರುಗನ ಮೇಲೆ ಒಂದು ಹಾಡು ಎತ್ತಿಕೊಂಡರು. ಶ್ರುತಿಗೆ ಸರಿಯಾಗಿ! ಇನ್ನೊಬ್ಬರು ಸೇರಿದರು, ಮತ್ತೊಬ್ಬರು ಚಪ್ಪಾಳೆ ಹಾಕಿದರು. ಕ್ರೋಂಪೇಟೆ ಬರುವಷ್ಟರಲ್ಲಿ ಇಡೀ ಡಬ್ಬಿ ಹಾಡುತ್ತಿತ್ತು. ದಿನವೂ ಸೀಟಿಗಾಗಿ ಜಗಳವಾಡುವ ಜನ ಇವರೇನಾ ಅಂತ ನನಗೆ ಮೈ ಜುಂ ಅಂದಿತು. ಎಷ್ಟು ಜನರ ಗಂಟಲಲ್ಲಿ ಹಾಡು ಸುಮ್ಮನೆ ಕೂತಿರುತ್ತಪ್ಪಾ!

ತಾಂಬರಂನಲ್ಲಿ ಇಳಿಯುವಾಗ ಆ ಹೆಂಗಸು ನನ್ನ ಭುಜ ತಟ್ಟಿದರು. "ನಾಳೆಯೂ ಇದೇ ಟ್ರೈನಿಗೆ ಬನ್ನಿ ಮೇಡಂ. ಶ್ರುತಿ ಮಾತ್ರ ಸ್ವಲ್ಪ ಇಳಿಸಿಕೊಂಡು ಬನ್ನಿ, ಮೇಲೆ ಹೋಗುವಾಗ ಕಷ್ಟವಾಗುತ್ತೆ."

ತೋಡಿಗೆ ತತ್ತರಿಸಿದ ಮುಳ್ಳು

ಟ್ಯಾಬಿನಲ್ಲಿ ಶ್ರುತಿ ನೋಡುವ ಒಂದು ಮುಳ್ಳಿದೆ. ಸ್ವರ ಸರಿಯಾಗಿದ್ದರೆ ಮುಳ್ಳು ನಡುವೆ ನಿಂತು ಹಸಿರಾಗುತ್ತೆ, ತಪ್ಪಿದರೆ ಆ ಕಡೆ ಈ ಕಡೆ ಓಡಿ ಕೆಂಪಾಗುತ್ತೆ. ಪಾಠಕ್ಕೆ ಬರುವ ಹುಡುಗಿಯೊಬ್ಬಳು, ಮನೆಮಾತು ಕನ್ನಡವೇ ಆದರೂ ಉತ್ತರ ಕೊಡುವುದೆಲ್ಲ ತಮಿಳಿನಲ್ಲಿ, ಅದನ್ನು ಅತ್ತೆಯ ವೀಣೆಯ ಮುಂದೆ ನಿಲ್ಲಿಸಿಬಿಟ್ಟಳು.

ಅತ್ತೆ ತೋಡಿ ರಾಗ ನುಡಿಸುತ್ತಿದ್ದರು. ತೋಡಿಯ ಗಾಂಧಾರ ಒಂದು ಕಡೆ ನಿಲ್ಲುವ ಪೈಕಿಯಲ್ಲ, ಅದನ್ನು ತೂಗಿ ತೂಗಿಯೇ ನುಡಿಸಬೇಕು. ಮುಳ್ಳಿಗೆ ದಿಕ್ಕು ತಪ್ಪಿತು. ಎಡಕ್ಕೆ ಓಡಿತು, ಬಲಕ್ಕೆ ಓಡಿತು, ಕೆಂಪಾಯಿತು, ಹಸಿರಾಯಿತು, ಮತ್ತೆ ಕೆಂಪಾಯಿತು.

"ಪಾಟೀ, ತಪ್ಪುನ್ನು ಕಾಟ್ರದು" ಅಂದಳು ಹುಡುಗಿ. ತಪ್ಪು ಅಂತ ತೋರಿಸುತ್ತಿದೆ ಅಜ್ಜೀ ಅಂತ.

ಈಗ ಸ್ಲೇಟು ಕಿಟಕಿಯಿಂದ ಆಚೆ ಹೋಗುತ್ತೆ ಅಂದುಕೊಂಡೆ. ಅತ್ತೆ ಬಗ್ಗಿ ಮುಳ್ಳನ್ನೇ ನೋಡಿದರು. ಆಮೇಲೆ ಷಡ್ಜದ ತಂತಿಯೊಂದನ್ನೇ ಮೀಟಿ ಸುಮ್ಮನಾದರು. ಮುಳ್ಳು ನಡುವೆ ಬಂದು ನಿಂತಿತು. ನಾದ ಕರಗುವ ತನಕ ಅಲ್ಲಾಡಲೇ ಇಲ್ಲ. ಹಸಿರು ಅಂದರೆ ಹಸಿರು. ಅತ್ತೆಯ ಬೆರಳನ್ನು ಅದು ಒಪ್ಪಿದ್ದು ಅವತ್ತೊಂದೇ ದಿನ, ಅದೂ ಮುಟ್ಟದೆ.

"ಪಾಪ, ಬುದ್ಧಿ ಇದೆ ಅದಕ್ಕೆ" ಅಂದರು ಅತ್ತೆ. "ತೋಡಿ ಈಗಲೇ ಬೇಡ. ಹೊಸದಾಗಿ ಕಲಿಯೋ ಮಕ್ಕಳ ಹಾಗೆ ಮಾಯಾಮಾಳವಗೌಳದಿಂದ ಶುರು ಮಾಡಲಿ."

ದಾರಿಯಲ್ಲಿ ತಡವಾದ ತಾಳ

ಆಪರೇಷನ್ ದಿನ ಗೊತ್ತಾಯಿತು. ವಿಜಯದಶಮಿಯೇ ಆಗಲಿ ಅಂತ ಚಿಕ್ಕತ್ತೆ ಹಟ ಹಿಡಿದಿದ್ದರು. ಒಂದು ಸಂಜೆ ಅಕ್ಕನಿಗೆ ಅಂದರು, "ಅಕ್ಕಾ, ಅಷ್ಟರೊಳಗೆ ಒಂದೇ ಒಂದು ಸಲ ನಾವಿಬ್ಬರೂ ಜೊತೆಯಾಗಿ ಅಮ್ಮ ಹೇಳಿಕೊಟ್ಟ ದೇವರನಾಮ ಮಾಡಿಬಿಡೋಣ. ಆಮೇಲೆ ದನಿ ಇದ್ದರೂ ಸರಿ, ಹೋದರೂ ಸರಿ."

ಅತ್ತೆ ವೀಣೆ ತೊಡೆಗೇರಿಸಿದರು. ಚಿಕ್ಕತ್ತೆ ಹಾಡಲು ಶುರು ಮಾಡಿದರು, ಅತ್ತೆ ಹಿಂದೆಯೇ ಹೊರಟರು. ಎರಡು ಸಾಲಾಗುವಷ್ಟರಲ್ಲಿ ಎಲ್ಲ ಕಲಸುಮೇಲೋಗರ. ಇಲ್ಲಿಂದ ಹೋದ ನಾದ ಅಲ್ಲಿ ಒಂದು ಗಳಿಗೆ ತಡವಾಗಿ ಮುಟ್ಟುತ್ತೆ, ಅಲ್ಲಿಂದ ಬರುವುದೂ ಹಾಗೇ.

"ಎಳೀತಿದ್ದೀಯ ಕಣೇ!" ಅಂದರು ಅತ್ತೆ.

"ನಾನಾ? ನೀನು ಎಳೀತಿರೋದು ಅಕ್ಕಾ!"

"ನನ್ನ ಲಯ ಎಳೆಯುತ್ತೆ ಅಂತ ಈ ಮದರಾಸಿನಲ್ಲಿ ಒಬ್ಬರೂ ಅಂದಿಲ್ಲ!"

"ಯಾರೂ ಬಾಯಿ ಬಿಟ್ಟು ಹೇಳಿಲ್ಲ ಅಷ್ಟೇ!"

ಕರೆ ಕಟ್ಟಾಯಿತು. ಯಾರು ಕಟ್ ಮಾಡಿದ್ದು ಅಂತ ಆಮೇಲೆ ಅದಕ್ಕೊಂದು ಜಗಳ. ರೈಲ್ವೆಯಿಂದ ರಿಟೈರಾದ ನನ್ನ ಯಜಮಾನರು ನಡುವೆ ಬಾಯಿ ಹಾಕಿದರು. "ಅಮ್ಮಾ, ಇಬ್ಬರೂ ಸರಿಯಾದ ಟೈಮಿಗೇ ಹೊರಟಿದ್ದೀರಿ. ದಾರಿಯಲ್ಲಿ ಲೇಟಾಗ್ತಿದೆ."

ಅತ್ತೆ ಮಗನನ್ನು ಮೇಲಿಂದ ಕೆಳಗೆ ನೋಡಿದರು. "ಸರ್ವೀಸಿನಲ್ಲಿದ್ದಾಗ ಪ್ಯಾಸೆಂಜರುಗಳಿಗೆ ಹೇಳ್ತಿದ್ದದ್ದನ್ನೇ ಈಗ ನನಗೂ ಹೇಳ್ತೀಯೇನೋ?"

ಪೂಜೆಗೆ ಕೂತ ಸ್ಲೇಟು

ನವಮಿ ಬಂತು, ಸರಸ್ವತಿ ಪೂಜೆ. ನಮ್ಮ ಮನೆಯಲ್ಲಿ ಆ ದಿನ ಪುಸ್ತಕ, ವಾದ್ಯ ಎಲ್ಲ ದೇವಿಯ ಮುಂದೆ. ಒಮ್ಮೆ ಇಟ್ಟರೆ ದಶಮಿ ಬೆಳಿಗ್ಗೆ ಮರುಪೂಜೆ ಆಗುವ ತನಕ ಯಾರೂ ಮುಟ್ಟುವ ಹಾಗಿಲ್ಲ. ಅತ್ತೆಯ ಕಾನೂನು. ಅತ್ತೆಗೆ ನೆಲದ ತನಕ ಬಗ್ಗೋಕಾಗಲ್ಲ ಅಂತ ಊಟದ ಮೇಜೇ ಮಂಟಪ. ಅದರ ಮೇಲೆ ವೀಣೆ, ಪುಸ್ತಕಗಳು.

"ಸ್ಲೇಟೂ ಇಡು" ಅಂದರು ಅತ್ತೆ.

"ಅದ್ಯಾಕೆ ಅತ್ತೆ?"

"ತಂಬೂರಿ ಅದರಲ್ಲಿದೆ ಅಂತೀಯ, ಪುಸ್ತಕ ಅದರಲ್ಲಿದೆ ಅಂತೀಯ. ಮತ್ತೆ ಅದು ಸರಸ್ವತಿ ಅಲ್ಲವಾ? ನಿನ್ನ ಫೋನೂ ಇಡು, ಅದು ಇದರ ಮರಿ."

ಇಟ್ಟೆ. ಪುಸ್ತಕಗಳ ಮೇಲೆ ಟ್ಯಾಬು ಅಂಗಾತ ಮಲಗಿತು. ಅತ್ತೆ ಪರದೆಯ ನಡುವೆ ಧಾರಾಳವಾಗಿ ಅರಿಶಿನ ಕುಂಕುಮ ಇಟ್ಟು, ಮೇಲೊಂದು ಸೇವಂತಿಗೆ ಏರಿಸಿದರು. ಯಜಮಾನರು ತಮ್ಮ ಫೋನು ಜೇಬಿಗೆ ಹಾಕಿಕೊಂಡು ಚಿಕ್ಕತ್ತೆಯ ಜೊತೆಗೆ ಆಸ್ಪತ್ರೆಗೆ ಹೋದರು. ದಶಮಿ ಬೆಳಿಗ್ಗೆ, ಮರುಪೂಜೆ ಮುಗಿದ ಮೇಲೆ, ಆಪರೇಷನ್‌ಗೆ ಮುಂಚೆ ಅಕ್ಕ ತಂಗಿ ಮಾತಾಡುವುದು ಅಂತ ಏರ್ಪಾಡಾಗಿತ್ತು.

ಆದರೆ ನವಮಿ ಸಂಜೆ, ದೀಪ ಹಚ್ಚುತ್ತಿದ್ದ ಹಾಗೇ, ಸೇವಂತಿಗೆಯ ಕೆಳಗಿನಿಂದ ಟ್ಯಾಬು ಕೂಗಿತು. ಪರದೆಯ ಮೇಲೆ ಕುಂಕುಮದ ಹಿಂದಿನಿಂದ ಚಿಕ್ಕತ್ತೆಯ ಫೋಟೋ. ನಾನು ಕೈ ಚಾಚಿದೆ.

"ಮುಟ್ಟಬೇಡ!" ಅಂದರು ಅತ್ತೆ.

ಕೂಗಿ ಕೂಗಿ ನಿಂತಿತು. ಮತ್ತೆ ಕೂಗಿತು. "ಅತ್ತೆ, ಬೆಳಿಗ್ಗೆ ಮಾಡ್ತೀವಿ ಅಂದವರು ಈಗಲೇ ಮಾಡ್ತಿದ್ದಾರೆ ಅಂದರೆ ಏನೋ ಇದೆ" ಅಂದೆ. ಕಾನೂನು ಮಾಡಿದವರೂ ಅತ್ತೆಯೇ, ತಂಗಿಯೂ ಅವರದೇ. ಕುರ್ಚಿಯನ್ನು ಮೇಜಿಗೆ ಎಳೆದುಕೊಂಡು ಕೂತು, ಕೈಮುಗಿದು, "ತಾಯೀ, ಒಂದೇ ಒಂದು ಸಲ ಮುಟ್ಟುತ್ತೇನೆ, ಕ್ಷಮಿಸಿಬಿಡು" ಅಂತ ಬಗ್ಗಿ ಟ್ಯಾಬಿಗೆ ಹಣೆ ಹಚ್ಚಿದರು.

ಕೂಗು ನಿಂತಿತು. "ಅಕ್ಕಾ?" ಅಂತ ಚಿಕ್ಕತ್ತೆಯ ದನಿ ಬಂತು.

ಇಷ್ಟು ದಿನ ಬೆರಳು ಗುರುತಿಸದ ಟ್ಯಾಬು ಅತ್ತೆಯ ಹಣೆಯನ್ನು ಒಂದೇ ಸಲಕ್ಕೆ ಗುರುತಿಸಿತ್ತು.

"ಅಯ್ಯೋ, ಏನಕ್ಕಾ ಇದು ಕೆಂಪಗೆ? ರಕ್ತಾನಾ?" ಅಂತ ಅಲ್ಲಿ ಕೂಗಾಟ.

"ಕುಂಕುಮ ಕಣೇ! ನಾನು ಮುಟ್ಟಲಿಲ್ಲ, ನಮಸ್ಕಾರ ಮಾಡಿದೆ. ಸರಸ್ವತಿಯೇ ಎತ್ತಿಕೊಟ್ಟಳು!"

ಆಪರೇಷನ್ನು ಬೆಳಗಿನ ಜಾವಕ್ಕೇ ಹಾಕಿದ್ದಾರಂತೆ. ಮರುಪೂಜೆ ಹೊತ್ತಿಗೆ ಚಿಕ್ಕತ್ತೆ ಒಳಗಿರುತ್ತಾರೆ. "ಅದಕ್ಕೇ ಈಗಲೇ ಮಾಡಿದೆ. ಅಕ್ಕಾ, ದೇವರನಾಮ?" ಅಂದರು.

ಅತ್ತೆ ವೀಣೆಯ ಕಡೆ ನೋಡಿದರು. ಅದೂ ಪೂಜೆಯಲ್ಲಿದೆ. ಅದನ್ನು ಹಣೆಯಲ್ಲಿ ನುಡಿಸೋಕಾಗಲ್ಲ. ಆಗ ಅತ್ತೆ ಗಂಟಲು ಸರಿಮಾಡಿಕೊಂಡು ತಾವೇ ಹಾಡಲು ಶುರು ಮಾಡಿದರು. ಈ ಮನೆಗೆ ಸೊಸೆಯಾಗಿ ಬಂದಮೇಲೆ ಅತ್ತೆ ಹಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ. ದನಿ ಒಡೆದಿತ್ತು, ನಡುಗುತ್ತಿತ್ತು, ಆದರೆ ಒಂದೊಂದು ಸ್ವರವೂ ವೀಣೆಯಿಂದ ಎದ್ದು ಬಂದ ಹಾಗಿತ್ತು. ಆ ಕಡೆಯಿಂದ ಚಿಕ್ಕತ್ತೆ ಸೇರಿದರು. ಒಂದು ಗಳಿಗೆ ತಡವಾಗಿಯೇ ಸೇರಿದರು. ಇಬ್ಬರಲ್ಲಿ ಯಾರೂ ಎಳೀತೀಯ ಅನ್ನಲಿಲ್ಲ, ಕೊನೆಯ ಚರಣದ ತನಕ ನಿಲ್ಲಿಸಲೂ ಇಲ್ಲ. ನಾನು ದೀಪದ ಎಣ್ಣೆ ಬಟ್ಟಲು ಹಿಡಿದುಕೊಂಡು ಅಳುತ್ತಾ ನಿಂತಿದ್ದೆ.

ಆಪರೇಷನ್ ಸುಸೂತ್ರವಾಯಿತು. ಆದರೆ ಒಂದಷ್ಟು ದಿನ ಮಾತಾಡಕೂಡದು ಅಂದರು. ದನಿ ಇದೆಯೋ ಇಲ್ಲವೋ ಅದುವರೆಗೆ ಗೊತ್ತಾಗಲ್ಲ. ಸಂಜೆ ಕರೆ ಬಂದರೆ ಚಿಕ್ಕತ್ತೆ ಕತ್ತಿಗೆ ಪಟ್ಟಿ ಹಾಕಿಕೊಂಡು ಸುಮ್ಮನೆ ಕೂತಿರುವರು, ಅತ್ತೆ ಸುಮ್ಮನೆ ನೋಡುವರು. ಪ್ರತಿಸಲವೂ ಅತ್ತೆ ಕರೆ ಎತ್ತುವುದು ಹಣೆಯಲ್ಲೇ. "ನನಗೂ ಸ್ಲೇಟಿಗೂ ಒಪ್ಪಂದವಾಗಿದೆ" ಅನ್ನುತ್ತಿದ್ದರು. ಪರದೆಯಿಂದ ಕುಂಕುಮ ಒರೆಸುವುದು ನನ್ನ ದಿನದ ಕೆಲಸವಾಯಿತು.

ಪಟ್ಟಿ ಬಿಚ್ಚಿ, ಮಾತಾಡಬಹುದು ಅಂದ ದಿನ ನಾವೆಲ್ಲ ಮೇಜಿನ ಸುತ್ತ ಸೇರಿದ್ದೆವು. ಟ್ಯಾಬು ಕೂಗಿತು. ಅತ್ತೆ ಹಣೆ ಹಚ್ಚಿದರು. ಅವತ್ತು ಭಯಕ್ಕೋ ಭಕ್ತಿಗೋ ತಲೆ ಎತ್ತಲೇ ಇಲ್ಲ, ಹಾಗೇ ಕಣ್ಣು ಮುಚ್ಚಿಕೊಂಡು ಕಾದರು. ಆ ಕಡೆ ಏನೂ ಇಲ್ಲ. ಯಜಮಾನರು ನನ್ನ ಮುಖ ನೋಡಿದರು. ಇನ್ನೂ ಏನೂ ಇಲ್ಲ.

ಆಮೇಲೆ ಅತ್ತೆಯ ಹಣೆಯ ಕೆಳಗಿನಿಂದ, ಸ್ವಲ್ಪ ಒರಟಾಗಿ, ಆದರೆ ನಮಗೆ ಗೊತ್ತಿದ್ದ ಅದೇ ದನಿಯಲ್ಲಿ, ಅದೇ ಶ್ರುತಿಯಲ್ಲಿ ಮಾತು ಬಂತು:

"ಅಕ್ಕಾ, ಇಷ್ಟು ದಿನ ಮಾತಾಡೋ ಹಾಗಿರಲಿಲ್ಲ ಅಂತ ಸುಮ್ಮನಿದ್ದೆ. ಮೊದಲು ಹಣೆ ತೆಗಿ, ಮುಖ ತೋರಿಸು!"